ನಲವತ್ತು ಹೆಜ್ಜೆ

ನಮ್ಮ ವೃದ್ಧಾಶ್ರಮದ ಎರಡನೇ ಮಹಡಿಯ ಹಾಲಿನಲ್ಲಿ ಹದಿನೆಂಟು ಕುರ್ಚಿಗಳು. ಹದಿನೆಂಟು ಜನ ಮುದುಕರು, ಮುದುಕಿಯರು. ಹಗಲು ಪಾಳಿಯಲ್ಲಿ ಅವರನ್ನು ನೋಡಿಕೊಳ್ಳಲು ಇಬ್ಬರು ಆಯಾಗಳು, ನಾನು ಮತ್ತು ಗಿಡ್ಡಿ. ಮೊದಲು ನಾಲ್ಕು ಜನ ಇದ್ದೆವು. ಒಬ್ಬಳು ಸೊಂಟ ಹಿಡಿದುಕೊಂಡು ಬಿಟ್ಟು ಹೋದಳು. ಇನ್ನೊಬ್ಬಳನ್ನು ಕೆಳಗಿನ ಮಹಡಿಗೆ ಹಾಕಿದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕೇಳಿದಾಗಲೆಲ್ಲ ಆಶ್ರಮದ ಉಸ್ತುವಾರಿಯ ಮೇಡಂ, "ಬರ್ತಾರೆ, ಟ್ರಸ್ಟಿನವರ ಕಿವಿಗೆ ಹಾಕಿದ್ದೀನಿ" ಅನ್ನುತ್ತಿದ್ದರು. ಟ್ರಸ್ಟಿನವರ ಕಿವಿ ಎಷ್ಟು ಆಳವೋ ಏನೋ, ಹಾಕಿದ್ದು ಅಲ್ಲೇ ಉಳಿಯಿತು.

ನಮ್ಮ ಕೆಲಸ ಬೆಳಿಗ್ಗೆ ಆರಕ್ಕೆ ಶುರು. ಮಂಚದಲ್ಲಿದ್ದವರನ್ನು ಮಗ್ಗುಲಿಗೆ ಹೊರಳಿಸಬೇಕು. ಒದ್ದೆಯಾದದ್ದನ್ನು ಬಿಚ್ಚಬೇಕು. ಒರೆಸಬೇಕು. ಚರ್ಮ ಕೆಂಪಾದ ಕಡೆ ಮುಲಾಮು ಹಚ್ಚಬೇಕು. ಹೊಸದು ಕಟ್ಟಿ, ಬಟ್ಟೆ ತೊಡಿಸಿ, ಎತ್ತಿ ಕುರ್ಚಿಗೆ ಕೂರಿಸಬೇಕು. ಮುದುಕರಾದ ಮೇಲೆ ಮೈ ಹಗುರಾಗುತ್ತದೆ ಅನ್ನುವವರು ಯಾವತ್ತೂ ಎತ್ತಿ ನೋಡಿದವರಲ್ಲ. ನನಗೇ ಅರವತ್ತೊಂದು. ಬಲಗೈ ಮಣಿಕಟ್ಟು ಪೂರ್ತಿ ಮಡಚುವುದಿಲ್ಲ. ಕೆಲಸಕ್ಕೆ ಸೇರುವಾಗ ವಯಸ್ಸು ಇಳಿಸಿ ಐವತ್ತೆರಡು ಅಂತ ಬರೆಸಿದ್ದೆ. ಎತ್ತುವವಳಿಗೂ ಎತ್ತಿಸಿಕೊಳ್ಳುವವರಿಗೂ ವಯಸ್ಸಿನಲ್ಲಿ ಅಂಥಾ ದೂರ ಇರಲಿಲ್ಲ.

ಕಂಡಕ್ಟ್ರಮ್ಮ ಬಂದದ್ದು ಬೇಸಿಗೆಯಲ್ಲಿ. ಎಪ್ಪತ್ತಾರು ವಯಸ್ಸು. ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ತೊಡೆಯ ಮೂಳೆ ಮುರಿದು ಆಪರೇಶನ್ ಆಗಿತ್ತು. ಕೋಲು ಹಿಡಿದು ನಡೆಯುತ್ತಿದ್ದರು. ಮಗಳ ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮಗಳು ಬಟ್ಟೆ ಹೊಲಿಯುವ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಳು. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೋದರೆ ಸಂಜೆಯವರೆಗೆ ತಾಯಿ ಒಬ್ಬರೇ. ಆ ಹೆದರಿಕೆಗೆ ಇಲ್ಲಿ ತಂದು ಬಿಟ್ಟಿದ್ದಳು. ಬಿಡುವಾಗ ಅತ್ತವಳು ಮಗಳು. ಕಂಡಕ್ಟ್ರಮ್ಮ ಅಳಲಿಲ್ಲ. ಹಾಲಿನ ಬಾಗಿಲಲ್ಲಿ ನಿಂತು, ಸಾಲಾಗಿ ಕೂತವರನ್ನು ಒಂದು ಸುತ್ತು ನೋಡಿದರು.

"ಏನ್ರೀ ಇದು? ಡಿಪೋದಲ್ಲಿ ಕೆಟ್ಟು ನಿಂತ ಬಸ್ಸುಗಳ ಥರ ನಿಂತುಬಿಟ್ಟಿದ್ದೀರಲ್ಲ ಎಲ್ಲಾರೂ! ಯಾರಾದ್ರೂ ಒಂದು ಹಾರ್ನಾದ್ರೂ ಹೊಡೀರಪ್ಪ!"

ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಕಂಡಕ್ಟ್ರಮ್ಮ ದಿನಕ್ಕೆ ಐದಾರು ಸಲ ಎದ್ದು, ಕೋಲು ಊರಿಕೊಂಡು, ಪಡಸಾಲೆಯ ಕೊನೆಯ ಕಕ್ಕಸಿಗೆ ಹೋಗಿಬರುತ್ತಿದ್ದರು. "ನಲವತ್ತು ಹೆಜ್ಜೆ ಕಣೆ ತಂಗಿ. ಹೋಗ್ತಾ ನಲವತ್ತು, ಬರ್ತಾ ನಲವತ್ತು. ಡಾಕ್ಟ್ರು ವಾಕಿಂಗ್ ಮಾಡು ಅಂದಿದ್ದಾರಲ್ಲ, ಒಂದೇ ಟಿಕೆಟ್‌ನಲ್ಲಿ ಎರಡೂ ಆಯ್ತು." ನನ್ನನ್ನು ತಂಗಿ ಅನ್ನುತ್ತಿದ್ದರು. ನಾನು ಅಕ್ಕ ಅನ್ನುತ್ತಿದ್ದೆ. ಮೇಷ್ಟ್ರನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. "ಮುಂದೆ ನಡೀರಿ, ಮುಂದೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ!"

ಆಮೇಲೆ ಕೆಳಗಿನ ಮಹಡಿಯಲ್ಲಿ ಒಬ್ಬ ಅಜ್ಜ ಬಚ್ಚಲಲ್ಲಿ ಜಾರಿ ಬಿದ್ದ. ಕೈ ಮುರಿಯಿತು. ಮಕ್ಕಳು ಬಂದು ಗಲಾಟೆ ಮಾಡಿದರು. ಮಾರನೇ ದಿನ ಮೇಡಂ ನಮ್ಮನ್ನೆಲ್ಲ ಕರೆದರು. ಇನ್ನು ಮೇಲೆ ಯಾರೂ ಒಬ್ಬರೇ ಕಕ್ಕಸಿಗೆ ಹೋಗುವಂತಿಲ್ಲ. ಆಯಾ ಜೊತೆಗೆ ಇರಲೇಬೇಕು.

ಗಿಡ್ಡಿ ಕೇಳಿದಳು, "ಮೇಡಂ, ಇಬ್ರೇ ಇದ್ದೀವಿ. ಒಬ್ಬೊಬ್ರನ್ನೂ ಕರ್ಕೊಂಡು ಹೋದ್ರೆ ಉಳಿದವರ ಗತಿ?"

"ಅದಕ್ಕೇ ಎಲ್ರಿಗೂ ಡೈಪರ್ ಹಾಕಿ" ಅಂದರು ಮೇಡಂ. "ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಸೇಫ್ಟಿ ಮುಖ್ಯ."

"ನಡೆಯೋರಿಗೂ?"

"ನಡೆಯೋರೇ ಅಲ್ವಾ ಬೀಳೋದು?"

ನಾವು ಸ್ಟೋರಿನಿಂದ ಡೈಪರ್ ಕಟ್ಟುಗಳನ್ನು ಹೊತ್ತು ತಂದೆವು.

ಅವತ್ತಿನಿಂದ ನನ್ನ ಬಾಯಲ್ಲಿ ಒಂದೇ ಮಾತು. "ಅದರಲ್ಲೇ ಮಾಡಿ ಅಜ್ಜ. ಅದರಲ್ಲೇ ಮಾಡಿ ಅಜ್ಜಿ. ಎರಡು ಗಂಟೆಗೆ ಬದಲಾಯಿಸ್ತೀನಿ." ಹೇಳಿ ಹೇಳಿ ನಾಲಿಗೆಗೆ ಅಂಟಿಹೋಯಿತು.

ಮೇಷ್ಟ್ರು ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರು. ಮೊದಲ ದಿನ ಬೆಳಿಗ್ಗೆಯಿಂದ ತಡೆದುಕೊಂಡರು. ಮಧ್ಯಾಹ್ನದ ಊಟ ಮುಟ್ಟಲಿಲ್ಲ. ಹಣೆ ಬೆವರುತ್ತಿತ್ತು. ಕಾಲು ಒಂದಕ್ಕೊಂದು ಒತ್ತಿ ಹಿಡಿದಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಆಗಿಹೋಯಿತು. ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು. ನಾನು ಬಿಚ್ಚಲು ಹೋದಾಗ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡರು. ನಾನು ಅವರನ್ನು ನೋಡಬಾರದು ಎಂದಲ್ಲ. ನನ್ನನ್ನು ಅವರು ನೋಡಬಾರದು ಎಂದು.

ಒಂದು ತಿಂಗಳಲ್ಲಿ ಎಲ್ಲರಿಗೂ ಅಭ್ಯಾಸವಾಯಿತು. ಅಭ್ಯಾಸವಾಯಿತು ಅಂದರೆ ಕೇಳುವುದನ್ನು ಬಿಟ್ಟರು. ಎರಡು ತಿಂಗಳಿಗೆ ಕಾಲುಗಳು ಸತ್ತವು. ಏಳುವ ಕಾರಣವೇ ಇಲ್ಲದ ಮೇಲೆ ಕಾಲಿಗೇನು ಕೆಲಸ? ಮೊಣಕಾಲು ಮಡಚಿದಲ್ಲೇ ಬಿಗಿಯಿತು. ಮೊದಲು ಕೈ ಕೊಟ್ಟರೆ ಏಳುತ್ತಿದ್ದವರನ್ನು ಈಗ ಹೊತ್ತು ಎತ್ತಬೇಕಾಯಿತು. ಕೆಲಸ ಕಡಿಮೆಯಾಗುತ್ತದೆ ಅಂತ ತಂದ ನಿಯಮ ನಮ್ಮ ಸೊಂಟ ಮುರಿಯಿತು. ಕುಂಡೆಯ ಮೇಲೆ ಹುಣ್ಣುಗಳು ಎದ್ದವು. ಹಾಲಿಗೆ ಕಾಲಿಟ್ಟರೆ ವಾಸನೆ. ಬಂದವರು ಮೂಗು ಹಿಡಿದು, "ವಯಸ್ಸಾದವರು, ಪಾಪ" ಅನ್ನುತ್ತಿದ್ದರು. ವಾಸನೆ ವಯಸ್ಸಿನದಲ್ಲ. ಆರರಿಂದ ಎರಡು ಗಂಟೆಯವರೆಗೆ ಒದ್ದೆಯಲ್ಲಿ ಕೂರಿಸಿದರೆ ಇಪ್ಪತ್ತರ ಹುಡುಗಿಯೂ ನಾರುತ್ತಾಳೆ.

ಕಂಡಕ್ಟ್ರಮ್ಮ ಮಾತ್ರ ಮೊದಲ ದಿನದಿಂದಲೇ ಒಪ್ಪಲಿಲ್ಲ. ನಾನು ಕಟ್ಟಿದ ಡೈಪರನ್ನು ಕಿತ್ತು ಕುರ್ಚಿಯ ಕೆಳಗೆ ಎಸೆದು, ಕೋಲು ಹಿಡಿದು ಹೊರಟರು. ಮೇಡಂ ಪಡಸಾಲೆಯಲ್ಲಿ ಅಡ್ಡ ನಿಂತರು.

"ಮೇಡಮ್ಮೋರೇ, ನನಗೆ ಕಾಲಿದೆ. ಕಕ್ಕಸು ಅಲ್ಲಿದೆ. ನಡುವೆ ನಿಮ್ಮದೇನು ಕೆಲ್ಸ?"

"ಬಿದ್ರೆ ಯಾರಮ್ಮ ಜವಾಬ್ದಾರಿ?"

"ಬಿದ್ರೆ ಬೀಳೋಳು ನಾನು. ನಿಮಗೇನೂ ಪೆಟ್ಟಾಗಲ್ಲ."

"ಹಟ ಮಾಡ್ಬೇಡಿ. ಕೂತಲ್ಲೇ ಆಗುತ್ತಲ್ಲ, ಆರಾಮಾಗಿ?"

ಕಂಡಕ್ಟ್ರಮ್ಮನ ದನಿ ಏರಿತು. ಇಡೀ ಮಹಡಿಗೆ ಕೇಳಿಸಿತು.

"ಆರಾಮಾ? ಇಪ್ಪತ್ತೊಂಬತ್ತು ವರ್ಷ ಹಿಡ್ಕೊಂಡು ದುಡಿದಿದ್ದೀನಿ ತಾಯಿ. ಬೆಳಿಗ್ಗೆ ಐದಕ್ಕೆ ಬಸ್ ಹತ್ತಿದ್ರೆ ಇಳೀತಿದ್ದಿದ್ದು ಮಧ್ಯಾಹ್ನ ಎರಡಕ್ಕೆ. ಡ್ರೈವರು ಟೈರ್ ಪಕ್ಕ ನಿಂತ್ಕೊಂಡು ಬರ್ತಿದ್ದ. ನಾನೆಲ್ಲಿ ನಿಂತ್ಕೊಳ್ಲಿ? ಅದಕ್ಕೇ ನೀರೇ ಕುಡೀತಿರ್ಲಿಲ್ಲ. ಮಗಳು ಹೊಟ್ಟೇಲಿ ಎಂಟು ತಿಂಗಳಿದ್ದಾಗಲೂ ಹಿಡ್ಕೊಂಡೇ ಟಿಕೆಟ್ ಕೊಟ್ಟಿದ್ದೀನಿ. ರಿಟೈರಾದ ದಿನ ಭಾಷಣ ಮಾಡಿದ್ರು, ಗಡಿಯಾರ ಕೊಟ್ರು. ನಾನು ಮನೆಗೆ ಹೋಗಿ ಒಂದು ಚೊಂಬು ನೀರು ಗಟಗಟ ಕುಡ್ದೆ. ಇನ್ಮೇಲೆ ಬಂದಾಗ ಹೋಗ್ತೀನಿ ಅಂದ್ಕೊಂಡೆ. ಅಷ್ಟೇ ಕಣ್ರೀ ಈ ಜನ್ಮದಲ್ಲಿ ನಾನು ಆಸೆಪಟ್ಟಿದ್ದು. ಅದಕ್ಕೂ ಕಲ್ಲು ಹಾಕ್ತೀರಾ?"

ಮೇಡಂ ಅವತ್ತು ಪಕ್ಕಕ್ಕೆ ಸರಿದರು. ಅವರು ಕೆಟ್ಟ ಹೆಂಗಸಲ್ಲ. ಅವರ ತಲೆಯ ಮೇಲೂ ಯಾರೋ ಕೂತಿದ್ದರು. ಆದರೆ ಮೂರನೇ ಸಲ ಕಂಡಕ್ಟ್ರಮ್ಮ ಒಬ್ಬರೇ ಹೋಗಿ ಬಂದ ದಿನ ಸ್ಟೋರಿನಿಂದ ಬಟ್ಟೆಯ ಬೆಲ್ಟು ತಂದು ನನ್ನ ಕೈಗೆ ಕೊಟ್ಟರು.

"ಕುರ್ಚಿಗೆ ಹಾಕು. ಮಗಳು ಸೇರಿಸುವಾಗಲೇ ಫಾರಮ್ಮಿಗೆ ಸಹಿ ಹಾಕಿದ್ದಾರೆ."

"ನನ್ನ ಕೈಲಿ ಆಗಲ್ಲ ಮೇಡಂ."

"ಆಗಲ್ಲ ಅಂದ್ರೆ ಆಗೋರನ್ನ ಕರೆಸ್ತೀನಿ. ನಿನ್ನ ನಿಜವಾದ ವಯಸ್ಸೆಷ್ಟು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?"

ಮನೆಯಲ್ಲಿ ಗಂಡನಿಗೆ ಎರಡೂ ಕಣ್ಣು ಹೋಗಿದ್ದವು. ನಾನು ಹೋಗಿ ಒಲೆ ಹಚ್ಚಬೇಕು. ನಾನು ಬೆಲ್ಟು ತೆಗೆದುಕೊಂಡೆ.

ಕಂಡಕ್ಟ್ರಮ್ಮ ನನ್ನ ಕೈ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಉಗಿದಿದ್ದರೂ ಒರೆಸಿಕೊಳ್ಳುತ್ತಿದ್ದೆ. ಅವರು ಎರಡೂ ಕೈ ಮೇಲಕ್ಕೆತ್ತಿದರು, ಸೊಂಟಕ್ಕೆ ಬೆಲ್ಟು ಸುತ್ತಲು ನನಗೆ ಜಾಗವಾಗಲಿ ಅಂತ.

"ಗಟ್ಟಿಯಾಗೇ ಕಟ್ಟು ತಂಗಿ" ಅಂದರು ಮೆಲ್ಲಗೆ. "ಸಡಿಲ ಬಿಟ್ರೆ ನಾನು ಎದ್ದುಬಿಡ್ತೀನಿ. ನಿನ್ನ ಕೆಲ್ಸ ಹೋಗುತ್ತೆ."

ಕಟ್ಟಿದೆ. ಹಿಂಬದಿಯಲ್ಲಿ ಗಂಟು ಹಾಕಿದೆ. ಅವರ ಕೈಗೆ ಸಿಗದ ಹಾಗೆ.

ಆ ದಿನದಿಂದ ಕಂಡಕ್ಟ್ರಮ್ಮ ನೀರು ಬಿಟ್ಟರು. ಯಾರಿಗೂ ಹೇಳಲಿಲ್ಲ. ಲೋಟ ತುಟಿಗೆ ತಾಗಿಸಿ ಕೆಳಗಿಡುತ್ತಿದ್ದರು. ಗಂಜಿ ಕೊಟ್ಟರೆ ಗಟ್ಟಿ ಅನ್ನ ಕೇಳುತ್ತಿದ್ದರು. ಟೀ ಬೇಡ ಅನ್ನುತ್ತಿದ್ದರು. ಮೂರು ದಿನಕ್ಕೆ ನನಗೆ ಗೊತ್ತಾಯಿತು. ಮಧ್ಯಾಹ್ನ ಎರಡಕ್ಕೆ ಬಿಚ್ಚಿದರೆ ಡೈಪರ್ ಒಣಗಿರುತ್ತಿತ್ತು.

"ಅಕ್ಕಾ, ಇದೇನು? ಸಾಯ್ತೀರಾ!"

"ನನಗೇನು ಹೊಸದಾ? ಬಸ್ಸಲ್ಲೇ ಕಲಿತಿದ್ದು ಇದು."

"ಆವಾಗ ನಿಮಗೆ ಮೂವತ್ತು. ಈಗ ಎಪ್ಪತ್ತಾರು. ಮಗಳಿಗೆ ಹೇಳ್ತೀನಿ."

ಅವರು ನನ್ನ ಕೈ ಹಿಡಿದರು. ಉಗುರು ಚುಚ್ಚುವಷ್ಟು ಗಟ್ಟಿಯಾಗಿ.

"ಹೇಳ್ಬೇಡ. ಹೇಳಿದ್ರೆ ಅವಳು ಕೆಲ್ಸ ಬಿಟ್ಟು ನನ್ನ ಮುಂದೆ ಕೂರ್ತಾಳೆ. ಆಮೇಲೆ ಇಬ್ರೂ ಏನ್ ತಿನ್ನೋದು? ನನ್ನ ಆಣೆ ಹಾಕು."

ಆಣೆ ಹಾಕಿದೆ. ಬಾಯಿ ಮುಚ್ಚಿಕೊಂಡೆ. ಅದು ನನ್ನ ಎರಡನೇ ತಪ್ಪು.

ಮಧ್ಯಾಹ್ನ ಒಂದಕ್ಕೆ ಮೇಡಂ ಊಟಕ್ಕೆ ಕೆಳಗೆ ಹೋಗುತ್ತಿದ್ದರು. ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಾನು ಬೆಲ್ಟು ಬಿಚ್ಚಿ, ಅವರನ್ನು ಕರೆದುಕೊಂಡು ಹೋಗಿಬರುತ್ತಿದ್ದೆ. ಗಿಡ್ಡಿ ಮೆಟ್ಟಿಲ ಹತ್ತಿರ ನಿಂತು ಕಾಯುತ್ತಿದ್ದಳು. ಆ ದಿನಗಳಲ್ಲಿ ಕಂಡಕ್ಟ್ರಮ್ಮ ಹನ್ನೆರಡಕ್ಕೆ ಸರಿಯಾಗಿ ಒಂದು ಲೋಟ ನೀರು ಕುಡಿಯುತ್ತಿದ್ದರು. "ಬಸ್ ಟೈಮಿಗೆ ಸರಿಯಾಗಿ ಬಂತು ನೋಡು" ಅಂತ ನಗುತ್ತಿದ್ದರು. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಪಡಸಾಲೆಯ ಕ್ಯಾಮೆರಾದಲ್ಲಿ ಟ್ರಸ್ಟಿನವರು ಯಾರೋ ನೋಡಿದರು. ಮೇಡಂ ನನ್ನನ್ನು ಕರೆದು, "ಹದಿನೇಳು ಜನರನ್ನ ಬಿಟ್ಟು ಒಬ್ಬರ ಹಿಂದೆ ಹೋಗ್ತೀಯಾ? ಇನ್ನೊಂದು ಸಲ ಆದ್ರೆ ಮನೆಗೆ" ಅಂದರು.

ನಿಲ್ಲಿಸಿದೆ. ಮಾರನೇ ದಿನ ಒಂದು ಗಂಟೆಗೆ ಕಂಡಕ್ಟ್ರಮ್ಮ ನನ್ನ ಕಡೆ ನೋಡಿದರು. ನಾನು ಪಾತ್ರೆ ಎತ್ತುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಅವರು ಮತ್ತೆ ಕೇಳಲಿಲ್ಲ. ಹನ್ನೆರಡು ಗಂಟೆಯ ಲೋಟವನ್ನೂ ಬಿಟ್ಟರು.

ತುಟಿ ಒಡೆಯಿತು. ನಾಲಿಗೆ ಕಂದಿತು. ಮೂತ್ರ ಚೂರು ಬಂದರೂ ಕಡು ಹಳದಿ, ಉರಿ. ಒಂದು ವಾರ ಜ್ವರ ಬಂತು, ಮಾತ್ರೆ ಕೊಟ್ಟರು, ಬಿಟ್ಟಿತು. ಮತ್ತೆ ಬಂತು. ಎಷ್ಟೋ ಹೊತ್ತು ಕಣ್ಣು ಮುಚ್ಚಿಯೇ ಇರುತ್ತಿದ್ದರು. ಹೊರಗಿನಿಂದ ವಾರಕ್ಕೊಮ್ಮೆ ಬರುವ ಡಾಕ್ಟರು ಕುರ್ಚಿಯ ಹತ್ತಿರ ಎರಡು ನಿಮಿಷ ನಿಂತು, "ನೀರು ಚೆನ್ನಾಗಿ ಕುಡಿಸಿ" ಅಂದರು. ಬೆಲ್ಟು ಅವರಿಗೆ ಕಾಣಿಸಲಿಲ್ಲ. ಅದರ ಮೇಲೆ ಶಾಲು ಹೊದಿಸಿತ್ತು. ಹೊದಿಸಿದವಳೂ ನಾನೇ.

ಆಗ ಬಂತು ಸರ್ವೆ.

ಊರಿನಲ್ಲಿ ಮುದುಕರು ಹೆಚ್ಚಾಗುತ್ತಿದ್ದಾರಂತೆ. ಅವರ ಜೀವನದ ಗುಣಮಟ್ಟ ಹೇಗಿದೆ ಅಂತ ಎಲ್ಲ ಆಶ್ರಮಗಳಲ್ಲೂ ಕೇಳಿ ಬರೆದುಕೊಳ್ಳುತ್ತಾರಂತೆ. ಒಳ್ಳೆಯ ಅಂಕ ಬಂದರೆ ಆಶ್ರಮಕ್ಕೆ ಹೆಸರು, ಸಹಾಯ. ಎರಡು ದಿನ ಮುಂಚಿನಿಂದ ನೆಲ ಉಜ್ಜಿದೆವು. ಕಿಟಕಿ ಪರದೆ ಒಗೆದೆವು. ಆ ದಿನ ಬೆಳಿಗ್ಗೆ ಎಲ್ಲರಿಗೂ ಸ್ನಾನ, ಒಗೆದ ಬಟ್ಟೆ. ಕಂಡಕ್ಟ್ರಮ್ಮನ ಬೆಲ್ಟು, ಅವರ ನಂತರ ಇನ್ನೂ ಕೆಲವರಿಗೆ ಹಾಕಿದ್ದ ಬೆಲ್ಟುಗಳು, ಎಲ್ಲವನ್ನೂ ಬಿಚ್ಚಿಸಿ ಬಕೆಟ್ಟಿಗೆ ಹಾಕಿ ಸ್ಟೋರಿನಲ್ಲಿ ಬೀಗ ಹಾಕಿದರು.

ಮೇಡಂ ನಮಗೆ ಹೇಳಿದರು, "ಮಾತಾಡೋಕೆ ಆಗದವರ ಪಕ್ಕ ಆಯಾ ಕೂರಬೇಕು. ಅವರ ಪರವಾಗಿ ಉತ್ತರ ಹೇಳ್ಬಹುದು, ರೂಲ್ಸ್ ಇದೆ. ನೀನು ಕಂಡಕ್ಟ್ರಮ್ಮನ ಪಕ್ಕ."

"ಅವರಿಗೆ ಮಾತು ಬರುತ್ತಲ್ಲ ಮೇಡಂ?"

"ಜ್ವರದಲ್ಲಿ ಏನೇನೋ ಬಡಬಡಿಸ್ತಾರೆ. ನೀನೇ ಹೇಳು."

ಸರ್ವೆಗೆ ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಸಣಕಲು. ಕೈಯಲ್ಲಿ ಕಾಗದದ ದಪ್ಪ ಕಟ್ಟು. ಜೊತೆಗೆ ಟ್ರಸ್ಟಿನ ಇಬ್ಬರು ದೊಡ್ಡವರು, ಹಿಂದೆ ಮೇಡಂ. ಆ ಹೆಂಗಸು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿ ಕೂತು ಕೇಳುತ್ತಿದ್ದಳು. ಐದು ಮುಖದ ಚಿತ್ರವಿರುವ ರಟ್ಟು ತೋರಿಸುತ್ತಿದ್ದಳು. ಅಳುವ ಮುಖದಿಂದ ನಗುವ ಮುಖದವರೆಗೆ. ಬೆರಳಿಟ್ಟು ತೋರಿಸಬೇಕು. ಹೆಚ್ಚಿನವರು ಯಾವುದಕ್ಕೋ ಬೆರಳಿಟ್ಟರು. ಒಬ್ಬ ಅಜ್ಜಿ ನಗುವ ಮುಖಕ್ಕೆ ಮುತ್ತು ಕೊಟ್ಟಳು. ಟ್ರಸ್ಟಿನವರು ನಕ್ಕರು.

ಕಂಡಕ್ಟ್ರಮ್ಮನ ಸರದಿ ಬಂತು. ಅವರು ಕಣ್ಣು ಮುಚ್ಚಿದ್ದರು. ಆ ಹೆಂಗಸು ನನ್ನ ಕಡೆ ತಿರುಗಿದಳು.

"ಇವರ ದಿನನಿತ್ಯದ ಕೆಲಸಗಳನ್ನ ಮಾಡ್ಕೊಳ್ಳೋ ಸಾಮರ್ಥ್ಯದ ಬಗ್ಗೆ ಇವರಿಗೆ ಎಷ್ಟು ತೃಪ್ತಿ ಇದೆ?"

ಮೇಡಂ ನನ್ನನ್ನೇ ನೋಡುತ್ತಿದ್ದರು. ನನ್ನ ಬೆರಳು ರಟ್ಟಿನ ಮೇಲಿತ್ತು. ನಾಲ್ಕನೇ ಮುಖದ ಹತ್ತಿರ. ಒಂದು ಚೂರು ಒತ್ತಿದ್ದರೆ ಸಾಕಿತ್ತು. ಸಂಜೆ ಮನೆಗೆ ಹೋಗಿ ಒಲೆ ಹಚ್ಚಬಹುದಿತ್ತು.

ಕೈ ಹಿಂದಕ್ಕೆ ತೆಗೆದುಕೊಂಡೆ.

"ನನ್ನ ಕೇಳ್ಬೇಡಿ. ಅವರಿಗೆ ಬಾಯಿದೆ. ಅಕ್ಕಾ, ಕೇಳ್ತಿದ್ದಾರೆ ನೋಡಿ. ಹೇಳಿ."

ಕಂಡಕ್ಟ್ರಮ್ಮ ಕಣ್ಣು ಬಿಟ್ಟರು. ಒಣಗಿದ ತುಟಿ ಬಿಡಿಸಲು ಹೊತ್ತು ಹಿಡಿಯಿತು.

"ನನಗೆ ಮೊದ್ಲು ಒಂದಕ್ಕೆ ಹೋಗ್ಬೇಕು ಕಣಮ್ಮ. ಬಂದ್ಮೇಲೆ ಎಷ್ಟು ಬೇಕಾದ್ರೂ ಕೇಳು."

ಮೇಡಂ ಬಗ್ಗಿ ಅಂದರು, "ಪರವಾಗಿಲ್ಲ ಅಮ್ಮ, ಡೈಪರ್ ಇದೆಯಲ್ಲ. ಅದರಲ್ಲೇ ಮಾಡಿ."

ನನ್ನದೇ ಮಾತು. ದಿನಕ್ಕೆ ನೂರು ಸಲ ನಾನು ಆಡುತ್ತಿದ್ದ ಮಾತು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಂಥಾ ಮಾತು ಅಂತ ಗೊತ್ತಾಯಿತು. ನಾನು ಎದ್ದೆ. ಅವರ ಕಂಕುಳ ಕೆಳಗೆ ಎರಡೂ ಕೈ ಹಾಕಿದೆ. ಎತ್ತಿದೆ.

"ಏಯ್, ಏನ್ ಮಾಡ್ತಿದ್ದೀಯಾ? ಕೂರಿಸು!"

"ಕೂರಿಸಲ್ಲ."

"ಕೂರಿಸು ಅಂದೆ!"

"ಕೂರಿಸಲ್ಲ ಮೇಡಂ. ಏನ್ ಬೇಕಾದ್ರೂ ಮಾಡ್ಕೊಳ್ಳಿ. ನಾನು ಇವರನ್ನ ಕರ್ಕೊಂಡು ಹೋಗ್ತೀನಿ."

ಸರ್ವೆ ಹೆಂಗಸು ಕಾಗದ ಹಿಡಿದುಕೊಂಡೇ ಎದ್ದು ನಿಂತಳು. ಅವಳ ಮುಂದೆ ನನ್ನ ಮೈ ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ.

ನಾವು ನಡೆದೆವು. ನಡೆದೆವು ಅಂದರೆ ಸುಳ್ಳು. ಅವರ ಕಾಲು ನೆಲಕ್ಕೆ ತಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಮೂರು ತಿಂಗಳ ಹಿಂದೆ ಕೋಲು ಊರಿಕೊಂಡು ದಿನಕ್ಕೆ ಆರು ಸಲ ಹೋಗಿಬಂದ ಕಾಲು. ಎರಡು ಹೆಜ್ಜೆಗೊಮ್ಮೆ ನಿಂತೆವು. ನನ್ನ ಮಣಿಕಟ್ಟು ಸಿಡಿಯುತ್ತಿತ್ತು. ಗಿಡ್ಡಿ ಓಡಿಬಂದು ಇನ್ನೊಂದು ಕಡೆ ಹೆಗಲು ಕೊಟ್ಟಳು. ಕಂಡಕ್ಟ್ರಮ್ಮ ಎಣಿಸುತ್ತಿದ್ದರು. ಹತ್ತು. ಹನ್ನೊಂದು. ಇಪ್ಪತ್ತೈದಕ್ಕೆ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದರು.

ಹಿಂದೆ ಹಾಲಿನಲ್ಲಿ ಏನೋ ಸದ್ದಾಯಿತು. ತಿರುಗಿ ನೋಡಿದೆ. ಮೇಷ್ಟ್ರು ಕಿರುಬೆರಳು ಎತ್ತಿದ್ದರು. ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ. ಸರ್ವೆ ಹೆಂಗಸಿನ ಕಡೆಗೆ. "ನನಗೂ" ಅಂದರು. ಅವರ ಪಕ್ಕದ ಅಜ್ಜಿಯೂ ಎತ್ತಿದಳು. ಅದರಾಚೆಯವರೂ. ತಿಂಗಳುಗಳಿಂದ ಬಾಯಿ ಬಿಡದವರು. ಒಬ್ಬೊಬ್ಬರೇ ಎತ್ತಿದರು. ಏಳೆಂಟು ಸುಕ್ಕು ಬೆರಳುಗಳು.

ಸರ್ವೆ ಹೆಂಗಸು ಕಾಗದಗಳನ್ನು ತಿರುವಿಹಾಕಿದಳು. "ನನ್ನ ಫಾರಮ್ಮಲ್ಲಿ ಈ ಪ್ರಶ್ನೆ ಇಲ್ಲ" ಅಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. ಅವಳ ಕಣ್ಣಲ್ಲಿ ನೀರಿತ್ತು.

ಕಕ್ಕಸು ಮುಟ್ಟಿದೆವು. ಡೈಪರ್ ಬಿಚ್ಚಿ ಕೂರಿಸಿದೆ. ಗೋಡೆಯ ಹಿಡಿಯನ್ನು ಕೈಗೆ ಕೊಟ್ಟೆ.

"ಬಾಗಿಲು ಹಾಕ್ಕೊಂಡು ಆಚೆ ನಿಂತ್ಕೊ" ಅಂದರು ಕಂಡಕ್ಟ್ರಮ್ಮ.

"ಬಿದ್ಬಿಡ್ತೀರಿ ಅಕ್ಕ."

"ಹಾಕು ಅಂದೆ."

ಬಾಗಿಲು ಹಾಕಿದೆ. ಬೆನ್ನು ಕೊಟ್ಟು ನಿಂತೆ. ಮೇಡಂ ಎದುರಿಗೆ ಬಂದು ನಿಂತರು. ಮುಖ ಕೆಂಪಗಿತ್ತು. ಒಳಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದು ನರಳಿಕೆ. ಆಮೇಲೆ ಹನಿ ಹನಿ ಸದ್ದು. ಮೇಡಂ ತಲೆ ತಗ್ಗಿಸಿದರು. ಸದ್ದು ನಿಂತ ಮೇಲೆ ಅಂದರು, "ನಾಳೆಯಿಂದ ಬರ್ಬೇಡ."

ಮಾರನೇ ದಿನದಿಂದ ನಾನು ಹೋಗಲಿಲ್ಲ. ಬೇರೆ ಎರಡು ಕಡೆ ಕೇಳಿದೆ. ಎಲ್ಲಿಗೂ ಮೊದಲೇ ಸುದ್ದಿ ಮುಟ್ಟಿತ್ತು. ಒಂದು ಅಂಗಡಿ ಸಾಲಿನಲ್ಲಿ ಮೆಟ್ಟಿಲು ಗುಡಿಸುವ ಕೆಲಸ ಸಿಕ್ಕಿತು. ಗಿಡ್ಡಿ ಫೋನಿನಲ್ಲಿ ಹೇಳಿದಳು. ನಾಲ್ಕು ದಿನ ಬೆಲ್ಟು ಹೊರಗೆ ಬರಲಿಲ್ಲವಂತೆ. ನಾಲ್ಕು ದಿನ ಕಾದರು, ಸರ್ವೆಯವರಿಂದ ಯಾರೂ ಬರಲಿಲ್ಲ. ಐದನೇ ದಿನ ಸ್ಟೋರಿನ ಬೀಗ ತೆಗೆದರು. ಈ ಸಲ ಮೇಷ್ಟ್ರಿಗೂ ಒಂದು. ಆಶ್ರಮಕ್ಕೆ ಐದರಲ್ಲಿ ನಾಲ್ಕು ಅಂಕ ಬಂತು.

ಮೂರನೇ ವಾರ, ಮಂಗಳವಾರ ಮಧ್ಯಾಹ್ನ ಗಿಡ್ಡಿಯ ಫೋನು. ಅಳುತ್ತಿದ್ದಳು. ಕಂಡಕ್ಟ್ರಮ್ಮ ಹೋದರು. ಕುರ್ಚಿಯಲ್ಲೇ. ಊಟ ಕೊಡಲು ಹೋದಾಗ ಮೈ ತಣ್ಣಗಾಗಿತ್ತಂತೆ.

ಪೊರಕೆ ಅಲ್ಲೇ ಬಿಟ್ಟು ಹೋದೆ. ಗೇಟಿನವನು ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಮಗಳು ಆಟೋದಿಂದ ಇಳಿದಳು. ಫ್ಯಾಕ್ಟರಿಯ ಏಪ್ರನ್ ಬಿಚ್ಚಿರಲಿಲ್ಲ. ಅದಕ್ಕೆ ನೂಲಿನ ಎಳೆಗಳು ಅಂಟಿದ್ದವು. "ಇವರು ನಮ್ಮೋರು" ಅಂತ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಕಂಡಕ್ಟ್ರಮ್ಮನನ್ನು ಮಂಚದ ಮೇಲೆ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಮಗಳು ಬಟ್ಟೆ ಸರಿಸಿ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ತುಟಿಯ ಮೇಲೆ ಕಪ್ಪು ಹೆಪ್ಪು. ಮಗಳು ತನ್ನ ಏಪ್ರನ್ನಿನ ತುದಿ ಒದ್ದೆ ಮಾಡಿಕೊಂಡು ಅದನ್ನು ಒರೆಸಲು ನೋಡಿದಳು. ಹೋಗಲಿಲ್ಲ.

ಆಫೀಸಿನಲ್ಲಿ ಡಾಕ್ಟರು ಸಾವಿನ ಕಾಗದ ತುಂಬಿಸಿ ಇಟ್ಟಿದ್ದರು. ಮೇಡಂ ಪೆನ್ನು ಮುಂದೆ ಚಾಚಿದರು. "ಇಲ್ಲೊಂದು ಸಹಿ ಹಾಕಮ್ಮ. ಗಾಡಿ ರೆಡಿ ಇದೆ."

ಮಗಳು ಓದಿದಳು. "ವಯೋಸಹಜ ಅಂದ್ರೆ?"

"ವಯಸ್ಸಾಗಿತ್ತಲ್ಲಮ್ಮ" ಅಂದರು ಡಾಕ್ಟರು. "ಊಟ, ನೀರು ಕಡಿಮೆಯಾಗ್ತಾ ಬರುತ್ತೆ. ಎಲ್ರಿಗೂ ಹಾಗೇ."

"ನೀರು ಕಡಿಮೆಯಾಗಿತ್ತಾ?" ಮಗಳು ತಲೆ ಎತ್ತಿದಳು. "ಇಲ್ವಲ್ಲ. ನಾನು ಭಾನುವಾರ ಬಂದಾಗಲೆಲ್ಲ ಚೆನ್ನಾಗಿ ಕುಡೀತಿದ್ರು. ಕೆಳಗೆ ಗಿಡದ ಹತ್ರ ಕೂತ್ಕೊಂಡು ಇಡೀ ಬಾಟ್ಲು ಖಾಲಿ ಮಾಡ್ತಿದ್ರು. ಇನ್ನೊಂದು ಬಾಟ್ಲು ತಾ ಅಂತಿದ್ರು."

ನನಗೆ ಭಾನುವಾರ ರಜೆ. ಈ ಮಾತು ನನಗೆ ಗೊತ್ತಿರಲಿಲ್ಲ. ಮಗಳು ಬರುವ ಮೊದಲೇ ಬೆಲ್ಟು ಬಿಚ್ಚಿ ಕೆಳಗೆ ಇಳಿಸಿರುತ್ತಿದ್ದರು ಅಂತ ಆಗ ಹೊಳೆಯಿತು.

"ಆಮೇಲೆ ಬಾತ್ರೂಮಿಗೆ ಕರ್ಕೊಂಡು ಹೋಗ್ತಿದ್ದೆಯಾ?" ಅಂತ ಕೇಳಿದೆ.

"ಹೂಂ. ಮೂರು ಸಲ, ನಾಲ್ಕು ಸಲ. ನಾನೇ ಹಿಡ್ಕೊಂಡು ಹೋಗ್ತಿದ್ದೆ. ಯಾಕೆ ಆಯಮ್ಮ?"

ಆಣೆ ಹಾಕಿಸಿಕೊಂಡವರು ಪಕ್ಕದ ಕೋಣೆಯಲ್ಲಿ ಮಲಗಿದ್ದರು. ನಾನು ಹೇಳಿದೆ. ನಿಂತುಕೊಂಡೇ, ಎಲ್ಲವನ್ನೂ. ನಿಯಮ, ಡೈಪರ್, ಬೆಲ್ಟು, ಕೆಳಗಿಟ್ಟ ಲೋಟ. "ವಾರವಿಡೀ ಬಾಯಿ ಕಟ್ಕೊಂಡಿರ್ತಿದ್ರು ತಾಯಿ. ಭಾನುವಾರ ನೀನು ಹಿಡ್ಕೊಂಡು ಹೋಗ್ತೀಯ ಅಂತ ಗೊತ್ತಿತ್ತು. ಅದಕ್ಕೇ ಕುಡೀತಿದ್ರು."

ಮಗಳು ಕುರ್ಚಿ ಹಿಡಿದುಕೊಂಡಳು. ಅಳಲಿಲ್ಲ.

"ನಮ್ಮ ಫ್ಯಾಕ್ಟರೀಲೂ ಬಾತ್ರೂಮಿಗೆ ಹೋಗೋಕೆ ಟೋಕನ್ ತಗೋಬೇಕು" ಅಂದಳು ಕೊನೆಗೆ. "ದಿನಕ್ಕೆ ಎರಡು. ಇಲ್ಲೂ ಏನೋ ರೂಲ್ಸ್ ಇರುತ್ತೆ ಅಂತ ಸಹಿ ಹಾಕ್ದೆ. ಎಲ್ಲಾ ಕಡೆ ಇರೋದೇ ಅಂದ್ಕೊಂಡೆ."

"ಈ ಆಯಾನ ನಾವು ಕೆಲ್ಸದಿಂದ ತೆಗೆದಿದ್ದೀವಿ, ಆ ಸಿಟ್ಟಿಗೆ ಮಾತಾಡ್ತಿದ್ದಾಳೆ" ಅಂದರು ಮೇಡಂ. ದನಿಯಲ್ಲಿ ಬಲವಿರಲಿಲ್ಲ.

ಮಗಳು ಕಾಗದವನ್ನು ಹಿಂದಕ್ಕೆ ತಳ್ಳಿದಳು. "ಇದಕ್ಕೆ ಸಹಿ ಹಾಕಲ್ಲ. ನಮ್ಮಮ್ಮ ವಯಸ್ಸಾಗಿ ಸತ್ತಿಲ್ಲ. ನೀರಿಲ್ಲದೆ ಸತ್ತಿದ್ದಾರೆ. ಅದನ್ನ ಬರೀರಿ."

ಡಾಕ್ಟರು ಕನ್ನಡಕ ತೆಗೆದರು. "ಹಾಗೆಲ್ಲ ಬರೆಯೋಕಾಗಲ್ಲಮ್ಮ. ಪೊಲೀಸ್ರಿಗೆ ಹೇಳ್ಬೇಕಾಗುತ್ತೆ. ಪೋಸ್ಟ್‌ಮಾರ್ಟಂ ಆಗುತ್ತೆ. ನಿಮ್ಮ ತಾಯಿ ಮೈ ಕುಯ್ತಾರೆ. ಬೇಕಾ ಅದೆಲ್ಲ? ನಾಳೆ ಮಧ್ಯಾಹ್ನದವರೆಗೂ ಕೈಗೆ ಕೊಡಲ್ಲ."

ಮಗಳು ನನ್ನ ಮುಖ ನೋಡಿದಳು. ಬೇಕು ಬೇಡ ಅನ್ನುವ ಯೋಗ್ಯತೆ ನನಗಿರಲಿಲ್ಲ. ಅವಳು ಎದ್ದು ಪಕ್ಕದ ಕೋಣೆಗೆ ಹೋದಳು. ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಳು. ನಾನು ಬಾಗಿಲಲ್ಲೇ ನಿಂತೆ. ಎಷ್ಟೋ ಹೊತ್ತಾದ ಮೇಲೆ ಅವಳು ಫೋನು ತೆಗೆದಳು.

ಪೊಲೀಸರು ಬರುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು. ಒಬ್ಬ ವಯಸ್ಸಾದ ಜಮಾದಾರ, ರಿಟೈರಾಗಲು ಹೆಚ್ಚು ದಿನ ಇರಲಿಕ್ಕಿಲ್ಲ. ಹಾಲಿಗೆ ಹೋಗಿ ನೋಡಿಬಂದ. ಮೇಷ್ಟ್ರ ಶಾಲನ್ನು ಅವನೇ ಎತ್ತಿ ನೋಡಿದ. ಬಂದು ಬೆಂಚಿನ ಮೇಲೆ ನನ್ನ ಪಕ್ಕ ಭಾರವಾಗಿ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡ.

"ಹೇಳಮ್ಮ. ನೀನೇನು ನೋಡ್ದೆ?"

"ನೋಡಿದ್ದು ಆಮೇಲೆ ಹೇಳ್ತೀನಿ ಸ್ವಾಮಿ" ಅಂದೆ. "ಮೊದ್ಲು ನಾನು ಮಾಡಿದ್ದು ಬರ್ಕೊಳ್ಳಿ."